ಅಲ್ ಕೂಝಿನ ಬಂಗುಡೆಗಳು

ಹುಲ್ಲಿಗೆ ಹುಲ್ಲಿನ ವಾಸನೆಯೇ ಇರಲಿಲ್ಲ. ನನಗೆ ಮೊದಲು ದಿಗಿಲಾದದ್ದು ಅದಕ್ಕೆ.

ಹೊರಗೆ ಜೂನ್ ತಿಂಗಳ ಮಧ್ಯಾಹ್ನ. ಕಾರಿನ ಬಾಗಿಲು ಮುಟ್ಟಿದರೆ ಬೆರಳು ಸುಡುವ ಬಿಸಿಲು. ಊರಲ್ಲಿ ಆ ಹೊತ್ತಿಗೆ ಮಳೆ ಹಿಡಿದಿರುತ್ತದೆ, ಶಾಲೆ ಮಕ್ಕಳು ಕೊಡೆ ಕಳೆದುಕೊಂಡು ಬೈಸಿಕೊಳ್ಳುತ್ತಿರುತ್ತಾರೆ. ಇಲ್ಲಿ, ದುಬೈಯ ಅಲ್ ಕೂಝ್ ಎಂಬ ಜಾಗದಲ್ಲಿ, ರಸ್ತೆಯ ಎರಡೂ ಬದಿಗೆ ತಗಡಿನ ಗೋದಾಮುಗಳು. ಒಂದರಲ್ಲಿ ಮಾರ್ಬಲ್, ಒಂದರಲ್ಲಿ ಪೇಂಟು, ಒಂದರಲ್ಲಿ ಹಳೇ ಟಯರು. ಅಂಥದೇ ಇನ್ನೊಂದು ಗೋದಾಮಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಕಣ್ಣು ಕುಕ್ಕುವ ಹಸಿರು ಮೈದಾನ! ಮೇಲೆ ತಗಡಿನ ಸೂರು, ಸಾಲು ಸಾಲು ಬಿಳಿ ದೀಪ, ಮೈ ನಡುಗಿಸುವ ಏಸಿ. ಮೈದಾನದ ಸುತ್ತ ಎದೆಮಟ್ಟದ ಗೋಡೆ. ಆ ಗೋಡೆಗೆ ಚೆಂಡು ಬಡಿದು ವಾಪಸ್ಸು ಬರುತ್ತಿತ್ತು, ಅದರ ಹಿಂದೆ ಹೆಂಗಸರು ಓಡುತ್ತಿದ್ದರು. ನಾನು ಬಗ್ಗಿ ಹುಲ್ಲು ಮುಟ್ಟಿದೆ. ಪ್ಲಾಸ್ಟಿಕ್ಕು. ಬುಡದಲ್ಲಿ ಕರೀ ರಬ್ಬರಿನ ಪುಡಿ. ಕೈ ಮೂಸಿದರೆ ಸೈಕಲ್ ಶಾಪಿನ ವಾಸನೆ.

“ಎಂತ ಅಕ್ಕ, ಮೇಯ್ಲಿಕ್ಕೆ ಆಗ್ತದಾ ಅಂತ ನೋಡುದಾ?” ಎಂದು ನಕ್ಕವಳು ರಜಿಯಾ. ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವಳು ಅವಳೇ.

ನಾನು ಪಡುಬಿದ್ರಿಯವಳು. ಮದುವೆಯಾಗಿ, ಮಗಳು ನಿಧಿಗೆ ಎರಡು ತುಂಬಿದ ಮೇಲೆ ಗಂಡ ದಿನಕರ್ ಇದ್ದಲ್ಲಿಗೆ ಬಂದೆ. ಅವರಿಗೆ ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ, ಮನೆ ಮಿರ್ದಿಫ್‌ನಲ್ಲಿ. “ವಿಲ್ಲಾದಲ್ಲಿದ್ದಾರೆ” ಎಂದು ಅಮ್ಮ ಊರಿಡೀ ಹೇಳಿಕೊಂಡು ಬಂದಿದ್ದರು. ಬಂದು ನೋಡಿದರೆ ಅದು ಪಾರ್ಟಿಷನ್. ಅಂದರೆ, ದೊಡ್ಡ ಮನೆಯೊಂದಕ್ಕೆ ತೆಳು ಹಲಗೆಯ ಅಡ್ಡಗೋಡೆ ಹಾಕಿ ನಾಲ್ಕೈದು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟದ್ದು. ನಮ್ಮ ಪಾಲಿಗೆ ಒಂದು ಕೋಣೆ. ಆಚೆ ಬದಿಯವರು ಸೀನಿದರೆ ನಾವು ಬೆಚ್ಚಿಬೀಳುತ್ತಿದ್ದೆವು. ಅಡುಗೆಮನೆಗೆ ಸರದಿ. ಮೀನು ಹುರಿದ ದಿನ ಎಲ್ಲರ ಬಾಗಿಲೂ ಧಡ್ ಧಡ್ ಎಂದು ಮುಚ್ಚಿಕೊಳ್ಳುತ್ತಿತ್ತು.

ಅರಬ್ಬಿ ಕಲಿಯಬೇಕಾದೀತು ಎಂದು ಹೆದರಿಕೊಂಡು ಬಂದವಳು ಮೊದಲು ಕಲಿತದ್ದು ಮಲಯಾಳಂ. ಬಕಾಲಾ ಎಂದು ಕರೆಯುವ ಮೂಲೆ ಅಂಗಡಿಯವನೂ ಟೈಲರನೂ ನಿಧಿಯ ಡಾಕ್ಟರೂ ಮಲಯಾಳಿಗಳೇ. ಯಲ್ಲಾ ಎಂದರೆ ಹೊರಡು, ಖಲಾಸ್ ಎಂದರೆ ಮುಗಿಯಿತು, ಮಾಫಿ ಎಂದರೆ ಇಲ್ಲ. ನನ್ನ ಅರಬ್ಬಿ ಇವತ್ತಿಗೂ ಹೆಚ್ಚುಕಡಿಮೆ ಅಷ್ಟೇ. ಇಡೀ ದಿನ ತಲೆಮೇಲೆ ವಿಮಾನಗಳು ಇಳಿಯುತ್ತಿದ್ದವು. ಸಂಜೆ ಬಟ್ಟೆ ತೆಗೆಯಲು ಹೊರಗೆ ಬಂದವಳು ಇದು ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಿಂದ ಬಂದದ್ದಿರಬಹುದೇ ಎಂದು ಕತ್ತೆತ್ತಿ ನಿಲ್ಲುತ್ತಿದ್ದೆ. ನೆರೆಯವರೊಬ್ಬರು ದಿನಕರ್ ಹತ್ತಿರ, “ನಿಮ್ಮ ಹೆಂಡ್ತಿಗೆ ಕುತ್ತಿಗೆ ನೋವಾ?” ಎಂದು ಕೇಳಿದ್ದೂ ಉಂಟು.

ನಿಧಿ ನರ್ಸರಿಗೆ ಸೇರಿದ ಮೇಲೆ ನನಗೆ ಜುಮೇರಾ ಲೇಕ್ ಟವರ್ಸ್‌ನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತು. ರಶೀದಿಯಾದಲ್ಲಿ ಮೆಟ್ರೋ ಹತ್ತಿದರೆ ಇಡೀ ದುಬೈ ದಾಟಿ ಅಲ್ಲಿ ಇಳಿಯಬೇಕು. ಆಫೀಸಿನ ಚಹಾ ಕೋಣೆಯಲ್ಲಿ ಒಂದು ದಿನ ಯಾರೋ ಕಪಾಟಿನ ಬಾಗಿಲು ತೆಗೆದದ್ದೇ ಮೇಲಿದ್ದ ಕಾಫಿಪುಡಿಯ ಗಾಜಿನ ಬಾಟಲಿ ಜಾರಿತು. ನಾನು ಎರಡು ಹೆಜ್ಜೆ ಮುಂದೆ ಹೋಗಿ ಹಿಡಿದೆ. ಬಾಗಿಲು ತೆಗೆದವಳು ಬಾಟಲಿಯನ್ನು ನೋಡಲಿಲ್ಲ, ನನ್ನ ಕೈ ನೋಡಿದಳು.

“ಎದೆಗೆ ತಾಗಿಸಲೇ ಇಲ್ಲ ನೀವು. ಥ್ರೋಬಾಲಾ?”

“ಹೈಸ್ಕೂಲಿನಲ್ಲಿ. ನಿಮಗೆ ಹೇಗೆ ಗೊತ್ತು?”

“ಊರು ಓಲು?” ಎಂದಳು ತುಳುವಿನಲ್ಲಿ, ಊರು ಎಲ್ಲಿ ಎಂದು.

ಎಷ್ಟೋ ತಿಂಗಳ ನಂತರ ಆಫೀಸಿನಲ್ಲಿ ನನ್ನ ಭಾಷೆ ಕೇಳಿ ಬಾಟಲಿ ಕೆಳಗಿಡುವುದನ್ನೇ ಮರೆತೆ. ಅವಳೇ ಹೇಳಿದಳು, ತನ್ನ ಹೆಸರು ರಜಿಯಾ, ಊರು ಬೆಂಗ್ರೆ ಎಂದು. ಮಂಗಳೂರಿನ ಹಳೇ ಬಂದರಿನಿಂದ ದೋಣಿ ದಾಟಿದರೆ ಸಿಗುವ ಜಾಗ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಮರಳು. ಮನೆಯಲ್ಲಿ ಬ್ಯಾರಿ, ಹೊರಗೆ ತುಳು ಮಾತಾಡುವ ಊರು. ಆ ಊರಿನವರಿಗೆ ಫುಟ್ಬಾಲ್ ಹುಚ್ಚು. ರಜಿಯಾಳ ಅಣ್ಣಂದಿರು, ಮಾವಂದಿರು ಎಲ್ಲ ಮರಳಿನಲ್ಲಿ ಆಡಿದವರು. ಹೆಣ್ಣುಮಕ್ಕಳಿಗೆ ಕಂಪೌಂಡಿನ ಒಳಗೆ, ಜಾಲು ಎನ್ನುವ ಅಂಗಳದಲ್ಲಿ ನಿಂತು ನೋಡುವ ಅವಕಾಶ ಮಾತ್ರ. “ಬಾಲ್ ನಮ್ಮ ಜಾಲಿಗೆ ಬಂದು ಬಿದ್ದರೆ ಒದ್ದು ವಾಪಸ್ ಕಳಿಸುದು ನಾನು. ದಿನಕ್ಕೆ ಒಂದೋ ಎರಡೋ ಸಿಗ್ತಿತ್ತು. ಅದಕ್ಕೇ ಕಾದು ಕೂತ್ಕೊಳ್ತಿದ್ದೆ ಅಕ್ಕ,” ಎಂದಳು.

ದುಬೈಗೆ ಬಂದ ಮೇಲೆ ಅವಳಿಗೆ ಅಲ್ ಕೂಝಿನ ಈ ಒಳಮೈದಾನದ ಸುದ್ದಿ ಸಿಕ್ಕಿತ್ತು. ಶನಿವಾರ ಮಧ್ಯಾಹ್ನ ಅಲ್ಲಿ ಲೇಡೀಸ್ ಅವರ್. ಒಳಗೆ ಗಂಡಸರಿಗೆ ಪ್ರವೇಶವಿಲ್ಲ, ರೆಫರಿ ಕೂಡ ಹೆಂಗಸೇ. ಬಿಸಿಲಿಗೆ ಹೊರಗೆ ಆಡಲಾಗದ ತಿಂಗಳುಗಳಲ್ಲಿ ದುಬೈ, ಅಬುಧಾಬಿಯ ಹೆಂಗಸರ ತಂಡಗಳಿಗೆ ಐದೈದು ಜನರ ಲೀಗ್ ನಡೆಯುತ್ತಿತ್ತು. ಮೇಲಿನ ಡಿವಿಷನ್ನಿನಲ್ಲಿ ಕಾಲೇಜಿನಲ್ಲಿ ಆಡಿ ಬಂದವರು, ಕೆಳಗಿನದರಲ್ಲಿ ನಮ್ಮಂಥವರು. ರಜಿಯಾಳ ಹತ್ತಿರ ಗೋಲಿಗೆ ನಿಲ್ಲಲು ಜನ ಇರಲಿಲ್ಲ.

“ನನಗೆ ಫುಟ್ಬಾಲ್ ಬರುವುದಿಲ್ಲ,” ಎಂದೆ.

“ಕಾಲಿನ ಕೆಲಸ ನಾವು ಮಾಡ್ತೇವೆ. ನಿಮ್ಮ ಕೈ ಕೊಡಿ, ಸಾಕು.”

ತಂಡದ ಹೆಸರು ‘ಬಂಗುಡೆ’. ಲೀಗ್ ನಡೆಸುವ ಇಂಗ್ಲಿಷ್ ಹೆಂಗಸು ಅರ್ಥ ಕೇಳಿದಾಗ ರಜಿಯಾ, “ಒಟ್ಟಿಗೆ ಈಜುವ ಮೀನು” ಎಂದಳಂತೆ. ನೀಲಿ ಬೆಳ್ಳಿಬಣ್ಣದ ಜೆರ್ಸಿ ಕರಾಮಾದ ಒಂದು ಅಂಗಡಿಯಲ್ಲಿ ಹೊಲಿಸಿದ್ದು. ಸಲೂನಿನಲ್ಲಿ ಕೆಲಸ ಮಾಡುವ ಫಿಲಿಪೀನ್ಸಿನ ಜಾಯ್ ನಮ್ಮಲ್ಲಿ ಎಲ್ಲರಿಗಿಂತ ವೇಗದವಳು. ಕೊಲ್ಲಂ ಕಡೆಯ ನರ್ಸ್ ಬಿಂದು ಗೋಡೆಯ ಹಾಗೆ ನನ್ನೆದುರು ನಿಲ್ಲುವವಳು. ಐದನೆಯ ಜಾಗಕ್ಕೆ ಮಾತ್ರ ಜನ ಬದಲಾಗುತ್ತಲೇ ಇದ್ದರು. ಒಬ್ಬಳ ವೀಸಾ ಮುಗಿಯಿತು, ಒಬ್ಬಳ ಕಂಪನಿ ಮುಚ್ಚಿತು, ಇನ್ನೊಬ್ಬಳು ಮದುವೆಗೆಂದು ನೈರೋಬಿಗೆ ಹೋದವಳು ಬರಲಿಲ್ಲ. ಊರಿನ ತಂಡದಲ್ಲಿ ಆಟ ಬಾರದಿದ್ದರೆ ಜನ ಬದಲಾಗುತ್ತಾರೆ. ಇಲ್ಲಿ ಚೆನ್ನಾಗಿ ಆಡುವವರೂ ಒಂದು ಬೆಳಿಗ್ಗೆ ಇರುವುದಿಲ್ಲ.

ಮೊದಲ ಮ್ಯಾಚಿನಲ್ಲಿ ಒಂಬತ್ತು ಗೋಲು ತಿಂದೆವು. ಅದರಲ್ಲಿ ಎರಡಕ್ಕೆ ನನ್ನ ಥ್ರೋಬಾಲೇ ಕಾರಣ. ಆ ಆಟದಲ್ಲಿ ಚೆಂಡು ಹಿಡಿದ ತಕ್ಷಣ ಎದುರಿನವರಲ್ಲಿ ಯಾರೂ ಇಲ್ಲದ ಕಡೆ ಎಸೆಯಬೇಕು. ನನ್ನ ಕೈ ಅದನ್ನೇ ಮಾಡುತ್ತಿತ್ತು. ಒಳ್ಳೆಯ ಕ್ಯಾಚ್ ಹಿಡಿಯುವುದು, ಖಾಲಿ ಜಾಗಕ್ಕೆ ಎಸೆಯುವುದು, ಎದುರಿನವಳು ಆರಾಮಾಗಿ ಹೋಗಿ ಅದನ್ನು ತೆಗೆದುಕೊಂಡು ಬಂದು ಗೋಲು ಹೊಡೆಯುವುದು. ಮುಗಿದ ಮೇಲೆ ಜೆರ್ಸಿಯಲ್ಲಿ ಮುಖ ಮುಚ್ಚಿಕೊಂಡು ಕೂತೆ. ರಜಿಯಾ ಪಕ್ಕದಲ್ಲಿ ಕೂತು ಸಾಕ್ಸ್ ಕಳಚುತ್ತಾ, “ಅಕ್ಕ, ಇಲ್ಲಿ ನಮ್ಮವರು ಇರುವ ಕಡೆ ಎಸೀಬೇಕು,” ಎಂದಳು.

“ನಮ್ಮವರು ಎಲ್ಲಿದ್ದಾರೆ ಅಂತ ನೋಡುವಷ್ಟರಲ್ಲಿ ಕೈ ಎಸೆದು ಆಗಿರ್ತದೆ ಮಾರಾಯ್ತಿ.”

ಅವಳು ಇನ್ನೊಂದು ಸಾಕ್ಸ್ ಎಳೆದು ತೆಗೆದಳು. “ಹಾಗಾದ್ರೆ ನೀವು ಖಾಲಿ ಜಾಗಕ್ಕೇ ಎಸೀರಿ. ಅಲ್ಲಿಗೆ ನಾನು ಬಂದಿರ್ತೇನೆ.”

ಅದು ಹೇಳಿದಷ್ಟು ಸುಲಭವಾಗಲಿಲ್ಲ. ಆ ಬೇಸಿಗೆಯಿಡೀ ಸೋತೆವು. ಎರಡು ಕಡೆ ಸಮ ಮಾಡಿಕೊಂಡೆವು, ಅಷ್ಟೇ. ಆದರೆ ಶನಿವಾರ ಎಂಬುದೊಂದು ನನಗೆ ಸಿಕ್ಕಿತು. ಅಲ್ಲಿಯವರೆಗೆ ವಾರದ ಎಲ್ಲ ದಿನಗಳಿಗೂ ಒಂದೇ ಬಣ್ಣವಿತ್ತು.

ಗಂಡಸರ ಕಥೆ ಬೇರೆ. ಊರಲ್ಲಿ ಅವರು ಆಡುವಾಗ ನಾವು ಹೊರಗೆ ನಿಲ್ಲುತ್ತಿದ್ದೆವು. ಇಲ್ಲಿ ನಾವು ಆಡುವಾಗ ದಿನಕರ್ ಮತ್ತು ರಜಿಯಾಳ ಗಂಡ ಅಲ್ತಾಫ್ ಎದುರಿನ ಕೆಫೆಟೇರಿಯಾದಲ್ಲಿ ಕರಕ್ ಚಹಾ ಕುಡಿಯುತ್ತಾ ಕೂರುತ್ತಿದ್ದರು. ಏಲಕ್ಕಿ ಹಾಕಿ ಕುದಿಸಿ ಕುದಿಸಿ ಗಟ್ಟಿ ಮಾಡಿದ ಚಹಾ ಅದು. ತಗಡಿನ ಗೋಡೆಯಾಚೆಯಿಂದ ಬೊಬ್ಬೆ ಕೇಳುತ್ತಿತ್ತೇ ಹೊರತು ಯಾರಿಗೆ ಗೋಲಾಯಿತು ಎಂದು ತಿಳಿಯುತ್ತಿರಲಿಲ್ಲ. ನಾವು ಹೊರಗೆ ಬರುವಾಗ ನಮ್ಮ ಮುಖ ನೋಡಿಯೇ ಅಲ್ತಾಫ್, “ದಿನಕರಣ್ಣ, ಇವತ್ತೂ ಊಟ ಹೊರಗೇ ಮಾಡುವ, ಮನೆಗೆ ಹೋಗ್ಲಿಕ್ಕೆ ಧೈರ್ಯ ಇಲ್ಲ,” ಎನ್ನುತ್ತಿದ್ದ.

ರಂಜಾನ್ ಆ ವರ್ಷಗಳಲ್ಲಿ ನಡುಬೇಸಿಗೆಯಲ್ಲೇ ಬರುತ್ತಿತ್ತು. ಆ ತಿಂಗಳು ಲೀಗ್‌ಗೆ ಬಿಡುವು. ಉಪವಾಸ ಬಿಡುವ ಹೊತ್ತಿಗೆ ದುಬೈ ಸಿಲಿಕಾನ್ ಓಯಸಿಸ್‌ನಲ್ಲಿದ್ದ ರಜಿಯಾಳ ಫ್ಲ್ಯಾಟಿಗೆ ಇಡೀ ತಂಡ ಹೋಗುತ್ತಿದ್ದೆವು. ಅವಳು ಕೋಳಿ ಗಸಿ, ಅಕ್ಕಿ ರೊಟ್ಟಿ ಮಾಡುತ್ತಿದ್ದಳು, ಜಾಯ್ ಅವಳ ಊರಿನ ಶಾವಿಗೆ ತರುತ್ತಿದ್ದಳು. ಬಿಂದುವಿಗೆ ಮರುದಿನ ಡ್ಯೂಟಿ ಇದ್ದರೆ ಬುತ್ತಿ ಕಟ್ಟಿಕೊಡುತ್ತಿದ್ದೆವು. ಊಟದ ಮಧ್ಯೆ ತಟ್ಟೆ, ಲೋಟ, ಖರ್ಜೂರದ ಬೀಜ ಇಟ್ಟು ಮುಂದಿನ ಮ್ಯಾಚು ಹೇಗೆ ಆಡುವುದೆಂದು ರಜಿಯಾ ತೋರಿಸುವಳು. ನಾನು ಯಾವಾಗಲೂ ಉಪ್ಪಿನ ಡಬ್ಬಿ.

ಎರಡನೇ ಬೇಸಿಗೆಯಲ್ಲಿ ಗೆಲ್ಲತೊಡಗಿದೆವು. ಹೇಗೆ ಶುರುವಾಯಿತೆಂದು ಸರಿಯಾಗಿ ಹೇಳಲಾರೆ. ಒಂದು ಶನಿವಾರ ನಾನು ಚೆಂಡು ಹಿಡಿದು, ಎಂದಿನಂತೆ ನೋಡದೆ, ಬಲಮೂಲೆಯ ಖಾಲಿ ಜಾಗಕ್ಕೆ ಎಸೆದೆ. ಅದು ನೆಲಕ್ಕೆ ಬೀಳುವಾಗ ರಜಿಯಾ ಅಲ್ಲಿದ್ದಳು. ಎದುರಿನವರು ತಿರುಗುವಷ್ಟರಲ್ಲಿ ಗೋಲು. ಜಾಯ್ “ಬಲೆ! ಬಲೆ!” ಎಂದು ಕೂಗಿದಳು. ಬನ್ನಿ ಎಂಬುದಕ್ಕೆ ತುಳುವಿನಲ್ಲಿ ಹೇಳುವ ಮಾತು. ನಾನೂ ರಜಿಯಾಳೂ ಆಡುವಾಗ ಕೂಗಿಕೊಳ್ಳುತ್ತಿದ್ದದ್ದನ್ನು ಅವಳು ಕಲಿತುಬಿಟ್ಟಿದ್ದಳು. ಅರ್ಥ ಗೊತ್ತಿರಲಿಲ್ಲ. ಗೋಲು ಹೊಡೆದಾಗ ಹೇಳುವ ಮಾತೆಂದುಕೊಂಡಿದ್ದಳಂತೆ. ಆ ವರ್ಷ ಕೊನೆಗೆ ಬೇರೆ ತಂಡದವರೂ ಗೋಲು ಹೊಡೆದು “ಬಲೆ” ಎನ್ನತೊಡಗಿದರು. ಪಡುಬಿದ್ರಿಯಲ್ಲಿ ಮೀನಿಗೆ ಚೌಕಾಸಿ ಮಾಡುವಾಗ ಹೆಂಗಸರು ಒಬ್ಬರನ್ನೊಬ್ಬರು ಕರೆಯುವ ಶಬ್ದವನ್ನು ಲೆಬನಾನಿನ ಹುಡುಗಿಯೊಬ್ಬಳು ಮುಷ್ಟಿ ಎತ್ತಿ ಕೂಗುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಮುಂದಿನ ವರ್ಷ ಮೇಲಿನ ಡಿವಿಷನ್ನಿಗೆ ಹೋಗಿಯೇ ತೀರುವುದೆಂದು ರಜಿಯಾ ಹಠ ಹಿಡಿದಳು. ಚಳಿಗಾಲವಿಡೀ ಮಿರ್ದಿಫ್‌ನ ಪಾರ್ಕಿನಲ್ಲಿ ಅಭ್ಯಾಸ. ಅಷ್ಟರಲ್ಲಿ ದಿನಕರ್‌ಗೆ ಅಬುಧಾಬಿಗೆ ವರ್ಗವಾಯಿತು.

ನಕ್ಷೆಯಲ್ಲಿ ನೋಡಿದರೆ ದುಬೈ, ಅಬುಧಾಬಿ ಅಕ್ಕಪಕ್ಕ. ನಡುವೆ ನೆಟ್ಟಗೆ ಒಂದು ಹೆದ್ದಾರಿ. ಆದರೆ ಮನೆ, ನಿಧಿಯ ಶಾಲೆ, ನನ್ನ ಕೆಲಸ ಎಲ್ಲ ಅಲ್ಲಿಗೆ ಎಳೆದುಕೊಂಡು ಹೋದ ಮೇಲೆ ವಾರವಾರ ಬಂದು ಆಡುವುದು ಆಗುವ ಮಾತಾಗಿರಲಿಲ್ಲ. ಸಾಮಾನು ಕಟ್ಟುವ ದಿನ ರಜಿಯಾ ಬಂದು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿಕೊಟ್ಟಳು. ಹೊರಡುವಾಗ, “ನೀವಾದ್ರೂ ಇದೇ ದೇಶದಲ್ಲಿದ್ದೀರಿ ಅಕ್ಕ. ಉಳಿದವರ ಹಾಗೆ ವಿಮಾನ ಹತ್ತಲಿಲ್ಲ,” ಎಂದಳು. ಸಮಾಧಾನ ಯಾರಿಗೆ ಹೇಳಿದಳೋ.

ಅಬುಧಾಬಿಯಲ್ಲಿ ನಮಗೆ ಮುಸಫಾ ಕಡೆ ಒಂದು ಇಡೀ ಫ್ಲ್ಯಾಟು ಸಿಕ್ಕಿತು. ನಮ್ಮದೇ ಅಡುಗೆಮನೆ, ನಮ್ಮದೇ ಬಾಗಿಲು. ಮೀನು ಹುರಿದರೆ ಕೇಳುವವರಿಲ್ಲ. ಆದರೂ ಮೊದಲ ಕೆಲವು ತಿಂಗಳು ಮಿರ್ದಿಫ್‌ನ ಆ ಹಲಗೆ ಗೋಡೆಯಾಚೆಯ ಸೀನು ಕೂಡ ನೆನಪಾಗುತ್ತಿತ್ತು. ಊರು ಬಿಟ್ಟು ಬಂದವಳಿಗೆ ಮತ್ತೊಮ್ಮೆ ಊರು ಬಿಟ್ಟ ಹಾಗಾಗುತ್ತದೆಂದು ಯಾರೂ ಹೇಳಿರಲಿಲ್ಲ. ಶನಿವಾರ ಮಧ್ಯಾಹ್ನ ನಾನು ಕಾರಣವಿಲ್ಲದೆ ಸಿಡುಕುತ್ತಿದ್ದೆ. ಕೊನೆಗೆ ದಿನಕರ್ ಅವರೇ ನಿಧಿಯ ಶಾಲೆಯ ವ್ಯಾಯಾಮದ ಟೀಚರ್ ಮೋನಾ ಹತ್ತಿರ ಮಾತಾಡಿದರು. ಆಕೆ ಈಜಿಪ್ಟಿನವಳು, ಅದೇ ಲೀಗಿನ ಕೆಳಗಿನ ಡಿವಿಷನ್ನಿನಲ್ಲಿ ‘ಗಾಫ್’ ಎಂಬ ತಂಡ ನಡೆಸುತ್ತಿದ್ದಳು. ಗಾಫ್ ಎಂದರೆ ಇಲ್ಲಿನ ಮರಳಿನಲ್ಲಿ ನೀರಿಲ್ಲದೆ ಬದುಕುವ ಮರ. ಆಮೇಲೆ ಗೊತ್ತಾಯಿತು, ಅದು ನಮ್ಮ ಬನ್ನಿ ಮರವೇ.

ಗಾಫ್‌ಗೆ ಗೋಲಿಗೆ ನಿಲ್ಲುವವರು ಬೇಕಿತ್ತು. ನಾನು ನಿಂತೆ. ಅವರು ನನ್ನನ್ನು ಸುಮಾ ಎನ್ನದೆ ಸಮಾ ಎಂದು ಕರೆದರು. ಅರಬ್ಬಿಯಲ್ಲಿ ಆಕಾಶ ಎಂದರ್ಥವಂತೆ. ನಾನು ತಿದ್ದಲಿಲ್ಲ. ಬಂಗುಡೆಯೊಂದಿಗೆ ನಮ್ಮ ಮ್ಯಾಚಿದ್ದ ವಾರ ನನಗೆ ಜ್ವರ, ಹೋಗಲಿಲ್ಲ. ಆದರೆ ಸೀಸನ್ ಮುಗಿದಾಗ ಎರಡನೇ ಸ್ಥಾನಕ್ಕೆ ಬಂಗುಡೆ ಮತ್ತು ಗಾಫ್ ಸಮಸಮ ನಿಂತವು. ಮೇಲಿನ ಡಿವಿಷನ್ನಿಗೆ ಹೋಗುವುದು ಮೊದಲ ಎರಡೇ ತಂಡ, ಹಾಗಾಗಿ ಒಂದು ಮ್ಯಾಚ್ ಆಡಿ ಗೆದ್ದವರು ಮೇಲೆ ಹೋಗುವುದು. ಜಾಗ, ಅದೇ ಅಲ್ ಕೂಝ್.

ನಾನು ಮೋನಾಗೆ ಬರುವುದಿಲ್ಲ ಎಂದು ಹೇಳಿಬಿಟ್ಟೆ. ಸುದ್ದಿ ಹೇಗೆ ಮುಟ್ಟಿತೋ, ಸಂಜೆ ರಜಿಯಾಳ ಫೋನ್.

“ಮತ್ತೆ ಜ್ವರವಾ ಅಕ್ಕ?”

“ನಿಮ್ಮ ಎದುರು ನಿಲ್ಲಲಿಕ್ಕೆ ನನ್ನಿಂದ ಆಗುವುದಿಲ್ಲ.”

“ಹಾಗಾದ್ರೆ ಗೆದ್ದರೂ ನಮಗೆ ಗೆದ್ದ ಹಾಗೆ ಆಗುದಿಲ್ಲ. ಬನ್ನಿ. ನಿಂತು ಆಡಿ. ಸುಮ್ಮನೆ ಬಿಟ್ಟುಕೊಟ್ಟರೆ ಮಾತ್ರ ಮತ್ತೆ ನನ್ನ ಮನೆ ಮೆಟ್ಟಿಲು ಹತ್ಬೇಡಿ.”

ಹೋದೆ. ನಿಧಿ ಹಟ ಮಾಡಿ ತನ್ನ ಹಳೇ ಬಂಗುಡೆ ಜೆರ್ಸಿ ಹಾಕಿಕೊಂಡು ಬಂದಳು. ನಾನು ಹಸಿರು ಗಾಫ್ ಜೆರ್ಸಿಯಲ್ಲಿ ಒಳಗೆ ಬಂದಾಗ ಜಾಯ್ ಓಡಿ ಬಂದು ತಬ್ಬಿಕೊಂಡಳು, ಬಿಂದು ಕಣ್ಣೊರೆಸಿಕೊಂಡಳು. ಸೀಟಿ ಊದಿದ ಮೇಲೆ ಅವರಾರೂ ನನ್ನನ್ನು ನೋಡಲಿಲ್ಲ.

ಅವರ ಕಾಲುಗಳೆಲ್ಲ ನನಗೆ ಗೊತ್ತಿದ್ದವು. ಜಾಯ್ ಗೋಡೆಗೆ ಹೊಡೆದು ಪುಟಿದು ಬಂದದ್ದನ್ನೇ ಒದೆಯುತ್ತಾಳೆ. ರಜಿಯಾ ಬಲಕ್ಕೆ ನೋಡಿ ಎಡಕ್ಕೆ ಹೊಡೆಯುತ್ತಾಳೆ. ಒಂದಾದ ಮೇಲೊಂದು ತಡೆದೆ. ತಡೆದ ಪ್ರತಿಸಲವೂ ನನ್ನ ಹಿಂದೆ ಗೋಡೆಯಾಚೆ ನಿಂತ ಗಾಫ್ ಕಡೆಯವರ ಚಪ್ಪಾಳೆ, ನನ್ನೆದುರು ಬಿಂದುವಿನ “ಅಯ್ಯೋ” ಎಂಬ ಮಲಯಾಳಂ ನಿಟ್ಟುಸಿರು. ಆ ನಿಟ್ಟುಸಿರು ಎರಡು ವರ್ಷ ನನ್ನ ಪರವಾಗಿ ಹೊರಟದ್ದು. ಕೊನೆಗೆ ಒಂದೊಂದು ಗೋಲಿನ ಸಮ. ಪೆನಾಲ್ಟಿ.

ಕೊನೆಯ ಒದೆತ ರಜಿಯಾಳದ್ದು. ಹೋದರೆ ಆಟ ಮುಂದುವರಿಯುತ್ತದೆ, ತಪ್ಪಿದರೆ ಗಾಫ್ ಮೇಲೆ ಹೋಗುತ್ತದೆ. ಅವಳು ಚೆಂಡು ಇಟ್ಟು, ಸ್ಕಾರ್ಫ್ ಸರಿಮಾಡಿಕೊಂಡು, ಬಲಕ್ಕೆ ನೋಡಿದಳು. ನಾನು ಅವಳ ಎಡಕ್ಕೆ ಬಿದ್ದೆ. ಚೆಂಡು ನೇರ ನನ್ನ ಎರಡು ಕೈಗೆ ಬಂದು ಕೂತಿತು.

ಗಾಫ್‌ನವರು ನನ್ನ ಮೇಲೆ ಬಂದು ಬಿದ್ದರು. ಯಾರೋ ಅರಬ್ಬಿಯಲ್ಲಿ ಹಾಡತೊಡಗಿದರು. ಅವರ ಕೈಕಾಲುಗಳ ನಡುವಿನಿಂದ ನೋಡಿದೆ. ರಜಿಯಾ ಇನ್ನೂ ಅಲ್ಲೇ ನಿಂತಿದ್ದಳು, ಸೊಂಟದ ಮೇಲೆ ಕೈ ಇಟ್ಟುಕೊಂಡು. ಆಮೇಲೆ ಹೋಗಿ ಗೋಡೆಗೆ ಒರಗಿ ಕೂತಳು. ನಾನು ಪಕ್ಕದಲ್ಲಿ ಹೋಗಿ ಕೂತೆ.

“ಬಲಕ್ಕೇ ಹೊಡೆಯುವ ಅಂತ ಇದ್ದೆ ಅಕ್ಕ,” ಎಂದಳು. “ನಿಮಗೆ ಗೊತ್ತುಂಟಲ್ಲ ಅಂತ. ಕಾಲು ಕೇಳಲಿಲ್ಲ.”

“ನಾನು ಬಿಡಬಹುದಿತ್ತು.”

“ಬಿಟ್ಟಿದ್ದರೆ ನನಗೆ ತಿಳೀತಿತ್ತು.” ಅವಳು ನನ್ನ ಕೈ ಎತ್ತಿ, ಕೆಂಪಾಗಿದ್ದ ಅಂಗೈ ನೋಡಿದಳು. “ನೋವುಂಟಾ?”

ಉಂಟು ಎಂದೆ. ಇಬ್ಬರೂ ಅತ್ತೆವು. ನಿಧಿ ಬಂದು ನನ್ನ ಹಸಿರು ಜೆರ್ಸಿ, ತನ್ನ ನೀಲಿ ಜೆರ್ಸಿ ನೋಡಿ, “ಮಮ್ಮಿ, ಡಿಡ್ ವೀ ವಿನ್ ಆರ್ ಲೂಸ್?” ಎಂದು ಕೇಳಿದಳು. ರಜಿಯಾಳೇ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಎರಡೂ, ಮಗಾ,” ಎಂದಳು.

ಬಂಗುಡೆ ಅದರ ಮುಂದಿನ ವರ್ಷ ಮೇಲೆ ಬಂತು. ಗಾಫ್ ಅದೇ ವರ್ಷ ಕೆಳಗಿಳಿಯಿತು. ಹಾಗಾಗಿ ಮತ್ತೆ ಎದುರುಬದುರಾಗುವುದು ತಪ್ಪಿತು. ಈಗ ನನ್ನ ಮೊಣಕಾಲು ಒಪ್ಪುವುದಿಲ್ಲ, ಆಡುವುದು ಬಿಟ್ಟಿದ್ದೇನೆ. ರಜಿಯಾ ಬಿಟ್ಟಿಲ್ಲ.

ರಜೆಯಲ್ಲಿ ಪಡುಬಿದ್ರಿಗೆ ಹೋದಾಗ ಬಸ್‌ಸ್ಟ್ಯಾಂಡಿನಿಂದ ಮನೆ ಮುಟ್ಟುವವರೆಗೆ ಎಲ್ಲರೂ ಕೇಳುವುದು ಒಂದೇ ಮಾತು. ಯಾವಾಗ ಬಂದದ್ದು? ಇನ್ನು ಯಾವಾಗ ಹೋಗುದು? ಪ್ರೀತಿಯಿಂದಲೇ ಕೇಳುತ್ತಾರೆ. ಉತ್ತರ ಕೊಡುವಾಗ ನಾನು ಅಲ್ಲಿ ನೆಂಟಳಾಗಿಬಿಡುತ್ತೇನೆ. ಹೋಗಲಿ, ನನಗೆ ಬೇರೊಂದು ಜಾಗವಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಮೊನ್ನೆ ಬೇಸಿಗೆಯಲ್ಲಿ ಒಂದು ಶನಿವಾರ ಅಬುಧಾಬಿಯಿಂದ ಕಾರು ಮಾಡಿಕೊಂಡು ಅಲ್ ಕೂಝಿಗೆ ಹೋದೆ. ಜಾಯ್ ಈಗ ಮನಿಲಾದಲ್ಲಿದ್ದಾಳೆ, ಬಿಂದು ಐರ್ಲೆಂಡಿಗೆ ಹೋದಳು. ಬಂಗುಡೆಯ ಗೋಲಿಗೆ ನಿಂತವಳು ಕುಂದಾಪುರ ಕಡೆಯ ಇನ್ನೂ ಸಣ್ಣ ಹುಡುಗಿ. ಅವಳು ಹಿಡಿಯುವ ರೀತಿ ನೋಡಿ ಅವಳೂ ಥ್ರೋಬಾಲಿನವಳೆಂದು ತಿಳಿಯಿತು. ಬಿಡುವಿನಲ್ಲಿ ರಜಿಯಾ ನನ್ನನ್ನು ಪರಿಚಯ ಮಾಡಿಸಿದಳು, ಮೊದಲು ಇಲ್ಲಿ ಆಡ್ತಿದ್ದ ಅಕ್ಕ ಎಂದು. ಹುಡುಗಿ ಬೆವರು ಒರೆಸಿಕೊಂಡು ನಗುತ್ತಾ ಕೇಳಿದಳು:

“ಹೌದಾ ಅಕ್ಕ? ಯಾವಾಗ ಬಂದದ್ದು? ಇನ್ನು ಯಾವಾಗ ಹೋಗುದು?”

ಸಂಜೆಗೆ ಹೊರಡಬೇಕು ಎಂದೆ. ರಜಿಯಾ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತೆಂದು ಕಾಣುತ್ತದೆ, ಕೈಯಲ್ಲಿದ್ದ ನೀರಿನ ಬಾಟಲಿ ನನಗೆ ಕೊಟ್ಟು ಆಟಕ್ಕೆ ಹೋದಳು.